ಒಂದು ಶಿಲ್ಲಿಂಗಿನ ವಿಮರ್ಶೆ

1936ರ ಅಕ್ಟೋಬರ್ ತಿಂಗಳಲ್ಲಿ ಲಂಡನ್ನಿನ ಪ್ರಕಾಶಕ ಸ್ಟ್ಯಾನ್ಲಿ ಅನ್ವಿನ್ನರು ತಮ್ಮ ಬಳಿಗೆ ಬಂದಿದ್ದ ಹಸ್ತಪ್ರತಿಯೊಂದನ್ನು ಹತ್ತು ವರ್ಷದ ತಮ್ಮ ಮಗನ ಕೈಗೆ ಕೊಟ್ಟರು. ಮಕ್ಕಳ ಪುಸ್ತಕದ ರುಚಿಯನ್ನು ಮಕ್ಕಳೇ ಬಲ್ಲರೆಂಬುದು ಅವರ ನಂಬಿಕೆ. ಹುಡುಗ ರೇನರ್ ಓದಿದ. ಓದಿ ತನಗೆ ತೋಚಿದ್ದನ್ನು ನಾಲ್ಕಾರು ವಾಕ್ಯಗಳಲ್ಲಿ ಬರೆದೂ ಕೊಟ್ಟ. ಕಥೆ ಚೆನ್ನಾಗಿದೆ, ಐದರಿಂದ ಒಂಬತ್ತು ವರ್ಷದವರೆಗಿನ ಮಕ್ಕಳಿಗೆಲ್ಲ ಹಿಡಿಸೀತು ಎಂಬುದು ಅವನ ತೀರ್ಪಿನ ಸಾರಾಂಶ. ತಾನು ಮಾತ್ರ ಆ ವಯಸ್ಸನ್ನು ದಾಟಿದ ದೊಡ್ಡ ಮನುಷ್ಯನೆಂಬ ಗತ್ತು ಅದರಲ್ಲಿ ಎದ್ದು ಕಾಣುತ್ತದೆ. ಈ ಶ್ರಮಕ್ಕೆ ಅವನಿಗೆ ದೊರೆತ ಸಂಭಾವನೆ ಒಂದು ಶಿಲ್ಲಿಂಗ್. ಆ ಒಂದು ಶಿಲ್ಲಿಂಗಿನ ವಿಮರ್ಶೆಯ ಬಲದಿಂದ 1937ರ ಸೆಪ್ಟೆಂಬರಿನಲ್ಲಿ ಆಕ್ಸ್‌ಫರ್ಡಿನ ಪ್ರಾಧ್ಯಾಪಕ ಜೆ.ಆರ್.ಆರ್. ಟೋಲ್ಕಿನ್ನರ 'ದಿ ಹಾಬಿಟ್' ಅಚ್ಚಾಗಿ ಹೊರಬಂದಿತು.

ಟೋಲ್ಕಿನ್ನರು ಪ್ರಾಚೀನ ಇಂಗ್ಲಿಷಿನ ಪಂಡಿತರು. ಈ ಕಥೆಯ ಮೊದಲ ವಾಕ್ಯವನ್ನು ಅವರು ಬರೆದದ್ದು ಪರೀಕ್ಷೆಯ ಉತ್ತರಪತ್ರಿಕೆಗಳನ್ನು ತಿದ್ದುತ್ತ ಕುಳಿತಿದ್ದಾಗ, ಯಾರೋ ಪುಣ್ಯಾತ್ಮ ಖಾಲಿ ಬಿಟ್ಟಿದ್ದ ಒಂದು ಪುಟದ ಮೇಲೆ. ಉತ್ತರಪತ್ರಿಕೆಗಳ ರಾಶಿಯ ನಡುವೆ ಖಾಲಿ ಪುಟವೊಂದು ಎದುರಾದಾಗ ಆಗುವ ಆನಂದ ಅಧ್ಯಾಪಕ ವೃತ್ತಿಯವರಿಗೆ ಮಾತ್ರ ತಿಳಿದದ್ದು.

ಹತ್ತು ವರ್ಷದ ಹುಡುಗನಿಗೆ ಅಂದು ಇದ್ದ ಧೈರ್ಯ ಇಂದಿನ ಸಾಮಾನ್ಯ ಪ್ರೇಕ್ಷಕನಿಗೆ ಇಲ್ಲವಾಗಿದೆ. ಕೋಟಿಗಟ್ಟಲೆ ಡಾಲರುಗಳ ಸರಣಿಚಿತ್ರವೊಂದು ಬಂದಿತೆಂದರೆ ಅದರ ಮೇಲೆ ಎರಡು ಪಂಗಡಗಳು ಹಕ್ಕು ಸ್ಥಾಪಿಸುತ್ತವೆ. ಮೂಲಗ್ರಂಥವನ್ನು ಕರತಲಾಮಲಕ ಮಾಡಿಕೊಂಡ ಭಕ್ತರು ಒಂದು ಕಡೆ, ಗಳಿಕೆಯ ಅಂಕಿಗಳನ್ನು ಪಠಿಸುವ ವ್ಯಾಪಾರಿಗಳು ಇನ್ನೊಂದು ಕಡೆ. ಇವರಿಬ್ಬರ ನಡುವೆ, ಟಿಕೆಟು ಕೊಂಡು ಹೋಗಿ ಮೂರು ಗಂಟೆ ಕುಳಿತು ಬಂದವನು ಬಾಯಿ ತೆರೆಯಲು ಅಂಜುತ್ತಾನೆ. "ಪುಸ್ತಕ ಓದಿದ್ದೀರಾ?" ಎಂಬ ಒಂದೇ ಪ್ರಶ್ನೆ ಅವನನ್ನು ಮೂಲೆಗೆ ಕೂರಿಸಿಬಿಡುತ್ತದೆ.

ಬಸವನಗುಡಿಯ ಒಂದು ಮನೆಯಲ್ಲಿ ಕಳೆದ ದಸರೆಯ ರಜೆಯಲ್ಲಿ ಇದೇ ಪ್ರಶ್ನೆ ಎದ್ದಿತು. ಮನೆಯ ಯಜಮಾನರು ಬ್ಯಾಂಕಿನಲ್ಲಿ ಅಧಿಕಾರಿ. ಚಿತ್ರಗಳನ್ನು ಇಷ್ಟಪಡುವವರು, ಆದರೆ ಅವುಗಳಿಗಾಗಿ ನಿದ್ದೆಗೆಡುವವರಲ್ಲ. ಮಗಳು ಕಾಲೇಜಿನ ಎರಡನೆಯ ವರ್ಷದಲ್ಲಿದ್ದಾಳೆ. ಟೋಲ್ಕಿನ್ನರ ಗ್ರಂಥಗಳನ್ನು ಎರಡೆರಡು ಬಾರಿ ಓದಿದವಳು. ಮೂರನೆಯವರು ಅಜ್ಜಿ. ಇಂಗ್ಲಿಷ್ ಬಾರದು, ಆದರೆ ಕಥೆ ಎಂದರೆ ಕುರ್ಚಿ ಎಳೆದುಕೊಂಡು ಮುಂದೆ ಬರುವವರು. ಆರು ರಾತ್ರಿಗಳಲ್ಲಿ ಆರು ಚಿತ್ರಗಳನ್ನು ನೋಡುವುದೆಂದು ನಿಶ್ಚಯವಾಯಿತು. 2001, 2002 ಮತ್ತು 2003ರಲ್ಲಿ ಬಂದ 'ದಿ ಲಾರ್ಡ್ ಆಫ್ ದಿ ರಿಂಗ್ಸ್' ಸರಣಿಯ ಮೂರು, ಆಮೇಲೆ 2012ರಿಂದ 2014ರವರೆಗೆ ಬಂದ 'ದಿ ಹಾಬಿಟ್' ಸರಣಿಯ ಮೂರು. ಎಲ್ಲಕ್ಕೂ ನಿರ್ದೇಶಕರು ನ್ಯೂಜಿಲೆಂಡಿನ ಪೀಟರ್ ಜಾಕ್ಸನ್.

ಮೊದಲ ರಾತ್ರಿಯೇ ಮಗಳ ಅಸಮಾಧಾನ ಮೊಳೆಯಿತು. "ಅಪ್ಪ, ಇಲ್ಲಿ ಟಾಮ್ ಬಾಂಬಡಿಲ್ ಬರಬೇಕಾಗಿತ್ತು. ಇವರು ಅವನನ್ನು ಪೂರ್ತಿ ನುಂಗಿಬಿಟ್ಟಿದ್ದಾರೆ."

"ಯಾರಮ್ಮ ಅವನು?" ಎಂದರು ತಂದೆ.

ಆ ಪ್ರಶ್ನೆಯಲ್ಲಿಯೇ ಉತ್ತರವಿದೆ. ಕಾಡಿನಲ್ಲಿ ಹಾಡುತ್ತ ಕುಣಿಯುತ್ತ ಬಾಳುವ ಬಾಂಬಡಿಲ್ ಗ್ರಂಥದಲ್ಲಿ ಬಹು ಮನೋಹರವಾದ ಪಾತ್ರ. ಆದರೆ ಉಂಗುರದ ಕಥೆ ಅವನ ಮನೆಯ ಮುಂದೆ ಬಂದು ಚಕ್ಕಳಮಕ್ಕಳ ಹಾಕಿ ಕುಳಿತುಬಿಡುತ್ತದೆ. ಓದುಗನಿಗೆ ಅದು ವಿಶ್ರಾಂತಿ, ಪ್ರೇಕ್ಷಕನಿಗೆ ಅಡಚಣೆ. ಪುಸ್ತಕವನ್ನು ಮಡಿಸಿಟ್ಟು ಕಾಫಿ ಕುಡಿದು ಬರಬಹುದು. ತೆರೆಯ ಮುಂದೆ ಕುಳಿತವನ ಕಾಲವನ್ನು ಚಿತ್ರವೇ ಅಳೆಯುತ್ತಿರುತ್ತದೆ. ಬಿಟ್ಟದ್ದು ಗೊತ್ತಿಲ್ಲದವನಿಗೆ ಬಿಟ್ಟ ಜಾಗ ಕಾಣದಿದ್ದರೆ ಹೊಲಿಗೆ ಚೆನ್ನಾಗಿದೆಯೆಂದೇ ಅರ್ಥ. ಇದನ್ನು ಪರೀಕ್ಷಿಸಬಲ್ಲವನು ಗ್ರಂಥಭಕ್ತನಲ್ಲ. ಏನೂ ಓದದೆ ಬಂದು ಕುಳಿತ ತಂದೆಯಂಥವನೇ.

ಕನ್ನಡಿಗರಿಗೆ ಈ ಮಾತು ಹೊಸದಾಗಬೇಕಿಲ್ಲ. ಪಂಪ ಮಹಾಕವಿ ವ್ಯಾಸಭಾರತವನ್ನು ತಿರುಗಿ ಹೇಳುವಾಗ ದ್ರೌಪದಿಯನ್ನು ಅರ್ಜುನನೊಬ್ಬನಿಗೇ ಪತ್ನಿಯನ್ನಾಗಿ ಮಾಡಿದ. ಕುಮಾರವ್ಯಾಸ ಹತ್ತು ಪರ್ವಗಳಿಗೇ ಕಾವ್ಯವನ್ನು ನಿಲ್ಲಿಸಿದ. ಮೂಲದಲ್ಲಿದ್ದ ಇಷ್ಟು ಇಲ್ಲಿಲ್ಲವಲ್ಲ ಎಂದು ಗಮಕಿಯ ಮುಂದೆ ಕುಳಿತ ಯಾರೂ ಲೆಕ್ಕ ಹಾಕಲಿಲ್ಲ. ತಾನು ಹೇಳಹೊರಟ ಕಥೆಯನ್ನು ಕವಿ ಅಖಂಡವಾಗಿ ಹೇಳಿದನೇ ಎಂಬುದೊಂದೇ ಅವರ ಕೇಳಿಕೆ.

ಈ ಮಾನದಂಡದಿಂದ ನೋಡಿದರೆ ಮೊದಲ ಮೂರು ಚಿತ್ರಗಳು ಗೆದ್ದಿವೆ, ಚೆನ್ನಾಗಿಯೇ ಗೆದ್ದಿವೆ. ಸಾವಿರ ಪುಟಕ್ಕೂ ಮೀರಿದ ಗ್ರಂಥ 558 ನಿಮಿಷಗಳಲ್ಲಿ ತೆರೆಯ ಮೇಲೆ ಹರಿದುಹೋಗುತ್ತದೆ. ಅದನ್ನು ಮೂರು ಭಾಗವಾಗಿ ಒಡೆದದ್ದು ಕೂಡ ಚಿತ್ರದವರ ದುರಾಸೆಯಲ್ಲ. ಟೋಲ್ಕಿನ್ನರಿಗೆ ಅದು ಒಂದೇ ಗ್ರಂಥ. ಯುದ್ಧಾನಂತರದ ಕಾಗದದ ದುಬಾರಿಯಿಂದಾಗಿ ಪ್ರಕಾಶಕರು ಅದನ್ನು 1954 ಮತ್ತು 1955ರಲ್ಲಿ ಮೂರು ಸಂಪುಟಗಳಾಗಿ ಹೊರತಂದರು. ಈ ಸಾಹಸಕ್ಕೆ ಕೈಹಾಕಿದವನು ಬೇರೆ ಯಾರೂ ಅಲ್ಲ, ಹಿಂದಿನ ಒಂದು ಶಿಲ್ಲಿಂಗಿನ ವಿಮರ್ಶಕ ರೇನರ್! ಸಾವಿರ ಪೌಂಡು ನಷ್ಟವಾದರೂ ಆದೀತೆಂದು ತಂದೆಗೆ ಮೊದಲೇ ತಿಳಿಸಿ ಒಪ್ಪಿಗೆ ಪಡೆದಿದ್ದ. ಒಳ್ಳೆಯ ವಿಮರ್ಶಕ ತನ್ನ ಅಭಿಪ್ರಾಯಕ್ಕೆ ತಾನೇ ಹಣ ಹೂಡುವ ಪ್ರಸಂಗಗಳು ಸಾಹಿತ್ಯ ಚರಿತ್ರೆಯಲ್ಲಿ ಬಹಳವಿಲ್ಲ.

ಜಾಕ್ಸನ್ನರೂ ಅವರ ಜೊತೆಗಾರ್ತಿಯರಾದ ಫ್ರಾನ್ ವಾಲ್ಷ್ ಮತ್ತು ಫಿಲಿಪ್ಪಾ ಬಾಯೆನ್ಸರೂ ಈ ಮೂರು ಚಿತ್ರಗಳನ್ನು ಒಟ್ಟಿಗೇ ಕೈಗೆತ್ತಿಕೊಂಡರು. 1999ರ ಅಕ್ಟೋಬರಿನಿಂದ 2000ದ ಡಿಸೆಂಬರಿನವರೆಗೆ ಚಿತ್ರೀಕರಣ ಎಡೆಬಿಡದೆ ನಡೆಯಿತು. ಗ್ರಂಥಕ್ಕೆ ಹಿಂದೆ ಚಿತ್ರಗಳನ್ನು ಬರೆದಿದ್ದ ಆಲನ್ ಲೀ ಮತ್ತು ಜಾನ್ ಹೋ ಎಂಬ ಕಲಾವಿದರನ್ನು ನ್ಯೂಜಿಲೆಂಡಿಗೆ ಕರೆಸಿಕೊಂಡು ಊರು, ಕೋಟೆ, ಕಣಿವೆಗಳನ್ನೆಲ್ಲ ಅವರ ಕಣ್ಣಿನಿಂದಲೇ ರೂಪಿಸಿದರು. ಮಟಮಟಾ ಎಂಬ ಊರಿನ ಹತ್ತಿರ ಒಂದು ಕುರಿಯ ಹೊಲವನ್ನು ಹಾಬಿಟ್ಟರ ಹಳ್ಳಿಯನ್ನಾಗಿ ಮಾರ್ಪಡಿಸಿ, ಹಿತ್ತಿಲಿನ ತರಕಾರಿ ಹೂಗಿಡಗಳನ್ನು ಚಿತ್ರೀಕರಣಕ್ಕೆ ತಿಂಗಳುಗಟ್ಟಲೆ ಮುಂಚೆಯೇ ನೆಟ್ಟು ಬೆಳೆಯಬಿಟ್ಟಿದ್ದರು. ಅಜ್ಜಿ ಆ ಹಳ್ಳಿಯನ್ನು ಕಂಡಕೂಡಲೆ, "ಇದು ಯಾರೋ ಇದ್ದು ಬಾಳಿದ ಊರು, ಸುಳ್ಳು ಊರಲ್ಲ" ಎಂದರು. ಕುಂಬಳದ ಬಳ್ಳಿಗೆ ಸುಳ್ಳು ಹೇಳಲು ಬರುವುದಿಲ್ಲವೆಂಬುದು ಅವರ ಅನುಭವ.

ಮಾಂತ್ರಿಕ ಗ್ಯಾಂಡಾಲ್ಫ್ ಕುಳ್ಳ ಫ್ರೋಡೊನ ಜೊತೆ ಗಾಡಿಯಲ್ಲಿ ಕುಳಿತು ಬರುವ ದೃಶ್ಯವಂತೂ ಹಳೆಯ ಕಾಲದ ಕಣ್ಕಟ್ಟು. ಇಬ್ಬರೂ ಪಕ್ಕಪಕ್ಕದಲ್ಲಿ ಕುಳಿತಂತೆ ಕಂಡರೂ ಒಬ್ಬ ಕ್ಯಾಮರಾಕ್ಕೆ ಹತ್ತಿರ, ಇನ್ನೊಬ್ಬ ದೂರ. ಆದ್ದರಿಂದ ಒಬ್ಬ ದೈತ್ಯನಂತೆ, ಇನ್ನೊಬ್ಬ ಮಗುವಿನಂತೆ ತೋರುತ್ತಾರೆ. ಆದರೆ ಇಬ್ಬರು ನಟರೂ ಒಂದೇ ಗಾಡಿಯಲ್ಲಿದ್ದಾರೆ, ಒಬ್ಬರ ಮಾತಿಗೆ ಒಬ್ಬರು ನಗುತ್ತಿದ್ದಾರೆ. ಈ ಗಾಡಿಯ ವಿಷಯವನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು.

ಮೂರನೆಯ ರಾತ್ರಿ ಅಜ್ಜಿಯ ಪ್ರಸಿದ್ಧ ಪ್ರಶ್ನೆ ಬಂದಿತು. ಬೆಂಕಿಯ ಬೆಟ್ಟದಲ್ಲಿ ಉಂಗುರ ಕರಗಿದ ಮೇಲೆ ಹದ್ದುಗಳು ಹಾರಿಬಂದು ಫ್ರೋಡೊನನ್ನೂ ಅವನ ಗೆಳೆಯನನ್ನೂ ಎತ್ತಿಕೊಂಡು ಹೋದವು. "ಅಲ್ಲವೇ, ಈ ಹದ್ದುಗಳು ಮೊದಲೇ ಬಂದಿದ್ದರೆ ಈ ಹುಡುಗರು ಇಷ್ಟು ದೂರ ಕಾಲು ಸವೆಸಬೇಕಾಗಿತ್ತೇ?"

ಮಗಳು ನಕ್ಕಳು. ಲೋಕವೆಲ್ಲ ಕೇಳುವ ಪ್ರಶ್ನೆಯದು; ಭಕ್ತರ ಪಂಗಡದಲ್ಲಿ ಇದನ್ನು ಕೇಳಿದವನಿಗೆ ಮರ್ಯಾದೆಯಿಲ್ಲ. ಆದರೆ ಅಜ್ಜಿಯ ಪಕ್ಷದಲ್ಲಿ ನಿಲ್ಲುವ ದೊಡ್ಡವರೊಬ್ಬರಿದ್ದಾರೆ, ಸ್ವತಃ ಟೋಲ್ಕಿನ್. 1950ರ ದಶಕದ ಕೊನೆಯಲ್ಲಿ ಅಮೆರಿಕದಿಂದ ಅವರ ಗ್ರಂಥಕ್ಕೆ ಒಂದು ಚಿತ್ರಕಥೆಯ ಕರಡು ಬಂದಿತ್ತು. ಅದರಲ್ಲಿ ಹದ್ದುಗಳು ಬಾಡಿಗೆ ಬಂಡಿಗಳ ಹಾಗೆ ಬೇಕಾದಲ್ಲಿಗೆಲ್ಲ ಬಂದಿಳಿಯುತ್ತಿದ್ದವು. ಟೋಲ್ಕಿನ್ನರು 1958ರಲ್ಲಿ ಸುದೀರ್ಘ ಪತ್ರ ಬರೆದು ಇದನ್ನು ಖಂಡಿಸಿದರು. ಹದ್ದು ಅಪಾಯದ ಉಪಕರಣ, ತಾವೇ ಅದನ್ನು ಕೈಬಿಗಿಹಿಡಿದು ಬಳಸಿದ್ದೇವೆ, ಅದಕ್ಕಿಂತ ಹೆಚ್ಚಾದರೆ ಕಥೆಯನ್ನು ಯಾರೂ ನಂಬುವುದಿಲ್ಲ ಎಂಬುದು ಅವರ ವಾದದ ತಾತ್ಪರ್ಯ. ಸಾಮಾನ್ಯ ಪ್ರೇಕ್ಷಕನಿಗೆ ಎಲ್ಲಿ ಸಂಶಯ ಹುಟ್ಟುವುದೋ ಅಲ್ಲಿಯೇ ಗ್ರಂಥಕರ್ತನಿಗೂ ಕೈ ನಡುಗಿತ್ತೆಂದ ಮೇಲೆ, ಪ್ರಶ್ನೆ ಕೇಳಿದವರನ್ನು ನಕ್ಕು ಸುಮ್ಮನಾಗಿಸುವುದು ಸರಿಯಲ್ಲ.

ಹಾಗೆಂದು ಮಗಳ ದೂರುಗಳೆಲ್ಲ ಪಾಂಡಿತ್ಯದ ಹಠವೆಂದು ತಳ್ಳಿಹಾಕುವಂತಿಲ್ಲ. ಅವಳ ಎರಡು ಮಾತುಗಳು ತೂಕದವು.

ಮೊದಲನೆಯದು ಊರಿಗೆ ಹಿಂದಿರುಗುವ ಪ್ರಸಂಗ. ಚಿತ್ರದಲ್ಲಿ ಲೋಕವನ್ನುಳಿಸಿದ ನಾಲ್ವರು ಹಾಬಿಟ್ಟರು ತಮ್ಮ ಹಳ್ಳಿಗೆ ಮರಳುತ್ತಾರೆ. ಹಳ್ಳಿ ಹೇಗಿತ್ತೋ ಹಾಗೆಯೇ ಹಸುರಾಗಿದೆ; ಇವರು ಎಲ್ಲಿಗೆ ಹೋಗಿದ್ದರೆಂದು ಕೇಳುವವರೂ ಇಲ್ಲ. ಗ್ರಂಥದಲ್ಲಿ ಹೀಗಿಲ್ಲ. ಅಲ್ಲಿ ಇವರು ಬರುವ ಹೊತ್ತಿಗೆ ಹಳ್ಳಿ ಪುಂಡರ ಕೈಸೇರಿದೆ, ಮರಗಳು ಉರುಳಿವೆ, ಹಳೆಯ ಗಿರಣಿಯಿದ್ದೆಡೆ ಹೊಗೆಯುಗುಳುವ ಹೊಸ ಗಿರಣಿ ಎದ್ದಿದೆ, ಪರಿಚಿತ ಜನ ಅಂಜಿ ಬಾಗಿಲು ಮುಚ್ಚಿಕೊಂಡಿದ್ದಾರೆ. ಕೊನೆಯ ಕಾಳಗ ಸ್ವಂತ ಬೀದಿಯಲ್ಲಿಯೇ ನಡೆಯಬೇಕಾಗುತ್ತದೆ. ಟೋಲ್ಕಿನ್ನರು 1916ರ ಸೋಮ್ ಕದನದಲ್ಲಿದ್ದವರು; ಆ ಮಹಾಯುದ್ಧದಲ್ಲಿ ಆಪ್ತಮಿತ್ರರನ್ನು ಕಳೆದುಕೊಂಡವರು. ತಮ್ಮ ಕಥೆಯಲ್ಲಿ ಸಮಕಾಲೀನ ಯುದ್ಧದ ಸಂಕೇತಗಳನ್ನು ಹುಡುಕುವುದು ಅವರಿಗೆ ಸೇರುತ್ತಿರಲಿಲ್ಲ, ನಿಜ. ಆದರೂ ದೂರದ ಕೇಡನ್ನು ಗೆದ್ದುಬಂದವನ ಮನೆಯಂಗಳಕ್ಕೂ ಅದರ ಬೂದಿ ಹಾರಿಬಂದಿರುತ್ತದೆಂಬ ಅರಿವು ಅನುಭವಸ್ಥನದೇ.

ತಂದೆಯ ಸಮಾಧಾನವೂ ನ್ಯಾಯವಾದದ್ದೇ. "ಆಗಲೇ ಚಿತ್ರ ಮೂರು ಸಲ ಮುಗಿದು ಮೂರು ಸಲ ಮತ್ತೆ ಶುರುವಾಯಿತಲ್ಲಮ್ಮ. ಇನ್ನೊಂದು ಯುದ್ಧ ಹಾಕಿದ್ದರೆ ಥಿಯೇಟರಿನಲ್ಲಿ ಯಾರು ಕೂತಿರುತ್ತಿದ್ದರು?" ಈ ಹೊಲಿಗೆಯೂ ಕಾಣುವುದಿಲ್ಲ. ಆದರೆ ಬಾಂಬಡಿಲ್‌ನನ್ನು ಕತ್ತರಿಸಿದಾಗ ಹೋದದ್ದು ಅಂಚಿನ ಬಟ್ಟೆ. ಇಲ್ಲಿ ಹೋದದ್ದು ಮಡಿಲಿನದು.

ಎರಡನೆಯ ದೂರು ಇನ್ನೂ ಸೂಕ್ಷ್ಮ. ಗ್ರಂಥದ ಪರಮಾವಧಿಯಲ್ಲಿ ನಾಯಕ ಸೋಲುತ್ತಾನೆ. ಬೆಟ್ಟದ ಬಾಯಿಯ ಮುಂದೆ ನಿಂತ ಫ್ರೋಡೊ ಉಂಗುರವನ್ನು ಎಸೆಯಲಾರದೆ, ಇದು ನನ್ನದು ಎಂದುಬಿಡುತ್ತಾನೆ. ಹಿಂದಿನಿಂದ ಬಂದ ಗಾಲಮ್ ಅವನ ಬೆರಳನ್ನೇ ಕಚ್ಚಿ ಉಂಗುರವನ್ನು ಕಿತ್ತುಕೊಂಡು, ಹಿಗ್ಗಿನಿಂದ ಕುಣಿಯುತ್ತ ಕಾಲುಜಾರಿ ಬೆಂಕಿಗೆ ಬೀಳುತ್ತಾನೆ. ಲೋಕ ಉಳಿದದ್ದು ಯಾರ ಶೌರ್ಯದಿಂದಲೂ ಅಲ್ಲ. ಎಂದೋ ಒಂದು ದಿನ ಫ್ರೋಡೊನ ಹಿರಿಯ ಬಿಲ್ಬೋ, ಕತ್ತಲ ಗುಹೆಯಲ್ಲಿ ಈ ಗಾಲಮನನ್ನು ಕೊಲ್ಲಬಹುದಾಗಿದ್ದಾಗ ಕನಿಕರಪಟ್ಟು ಬಿಟ್ಟದ್ದರಿಂದ. ಆಮೇಲೆ ಫ್ರೋಡೊನೂ ಅವನನ್ನು ಉಳಿಸಿದ್ದರಿಂದ. ಚಿತ್ರದಲ್ಲಿ ಫ್ರೋಡೊ ಸೋಲುವುದೇನೋ ಇದೆ. ಆದರೆ ಬೆರಳು ಕಳೆದುಕೊಂಡವನು ಮತ್ತೆ ಎದ್ದು ಗಾಲಮನ ಮೇಲೆ ಬೀಳುತ್ತಾನೆ, ಸೆಣಸಾಟದಲ್ಲಿ ಇಬ್ಬರೂ ಅಂಚಿನಿಂದ ಉರುಳುತ್ತಾರೆ. ನಾಯಕ ಸುಮ್ಮನೆ ಬಿದ್ದಿರುವುದನ್ನು ತೆರೆ ಸಹಿಸದು ಎಂಬ ಭಯ ಇಲ್ಲಿ ಕೆಲಸ ಮಾಡಿದೆ. ದೈವವೋ ಕನಿಕರವೋ ಮಾಡಿದ ಕೆಲಸದಲ್ಲಿ ಸ್ವಲ್ಪ ಪಾಲನ್ನು ಕುಸ್ತಿಗೆ ಕೊಟ್ಟರು.

ಇಷ್ಟೆಲ್ಲ ಹೇಳಿದ ಮೇಲೂ ಆ ಮೂರು ರಾತ್ರಿಗಳಲ್ಲಿ ಮನೆಯ ಮೂವರೂ ಕುಳಿತಲ್ಲಿಂದ ಏಳಲಿಲ್ಲ. 2004ರಲ್ಲಿ ಮೂರನೆಯ ಚಿತ್ರಕ್ಕೆ 11 ಆಸ್ಕರ್ ಪ್ರಶಸ್ತಿಗಳು ಬಂದುವೆಂಬುದಕ್ಕಿಂತ, ಅಜ್ಜಿ ರಾತ್ರಿಯ ಮಾತ್ರೆ ತೆಗೆದುಕೊಳ್ಳಲು ಮರೆತರೆಂಬುದೇ ಆ ಮನೆಯಲ್ಲಿ ದೊಡ್ಡ ಸಾಕ್ಷ್ಯ.

ನಾಲ್ಕನೆಯ ರಾತ್ರಿಯಿಂದ ಕಥೆ ಬೇರೆ. 'ದಿ ಹಾಬಿಟ್' ಮುನ್ನೂರು ಪುಟಗಳ ಮಕ್ಕಳ ಪುಸ್ತಕ. ಅದನ್ನು 474 ನಿಮಿಷಗಳಿಗೆ ಎಳೆದಿದ್ದಾರೆ. ದೊಡ್ಡ ಗ್ರಂಥಕ್ಕೆ ಪುಟಕ್ಕೆ ಅರ್ಧ ನಿಮಿಷ ಸಿಕ್ಕಿದರೆ ಚಿಕ್ಕದಕ್ಕೆ ಪುಟಕ್ಕೆ ಒಂದೂವರೆ ನಿಮಿಷ! ಕನ್ನಡದಲ್ಲಿ ಇದಕ್ಕೆ ತದ್ವಿರುದ್ಧವಾದ ಉದಾಹರಣೆಯಿದೆ. 1972ರಲ್ಲಿ ಪುಟ್ಟಣ್ಣ ಕಣಗಾಲರು ತ.ರಾ.ಸು. ಅವರ ಮೂರು ಕಾದಂಬರಿಗಳನ್ನು ಸೇರಿಸಿ 'ನಾಗರಹಾವು' ಎಂಬ ಒಂದೇ ಚಿತ್ರ ಮಾಡಿದರು. ಜನ ಮುಗಿಬಿದ್ದು ನೋಡಿದರೂ ಕಾದಂಬರಿಕಾರರಿಗೆ ಅದು ಒಪ್ಪಿಗೆಯಾಗಲಿಲ್ಲ. ನಾಗರಹಾವು ಕೇರೆಹಾವಾಯಿತೆಂದು ಅವರು ಅಂದರೆಂಬ ಮಾತು ಇಂದಿಗೂ ಪ್ರಚಾರದಲ್ಲಿದೆ. ಹಿಂಡಿ ಒಂದು ಮಾಡಿದ್ದಕ್ಕೇ ಕರ್ತೃವಿಗೆ ಹೀಗೆ ಬೇಸರವಾದರೆ, ನೀರು ಬೆರೆಸಿ ಮೂರು ಮಾಡಿದ್ದನ್ನು ಕಂಡಿದ್ದರೆ ಟೋಲ್ಕಿನ್ನರು ಏನನ್ನುತ್ತಿದ್ದರೋ! ಅವರು 1973ರಲ್ಲಿಯೇ ತೀರಿಕೊಂಡಿದ್ದರು.

ದೋಷವೆಲ್ಲ ನಿರ್ದೇಶಕರದೆಂದು ಹೇಳುವುದು ಅನ್ಯಾಯ. ಈ ಚಿತ್ರಗಳನ್ನು ನಿರ್ದೇಶಿಸಬೇಕಾಗಿದ್ದವರು ಗಿಯೆರ್ಮೊ ಡೆಲ್ ಟೋರೊ. ಕೆಲಸ ತಡವಾಗುತ್ತ ಹೋಗಿ 2010ರಲ್ಲಿ ಅವರು ಹೊರನಡೆದರು. ಜಾಕ್ಸನ್ನರು ಸಾಕಷ್ಟು ಸಿದ್ಧತೆಯಿಲ್ಲದೆ ನೊಗಕ್ಕೆ ಹೆಗಲು ಕೊಡಬೇಕಾಯಿತು. ಇದನ್ನು ಆಮೇಲೆ ಅವರೇ ಒಪ್ಪಿಕೊಂಡರು. ಎರಡು ಚಿತ್ರಗಳೆಂದು ಆರಂಭವಾದದ್ದು ಮೂರಾಗುತ್ತದೆಂದು ಪ್ರಕಟವಾದದ್ದು 2012ರ ಜುಲೈ ತಿಂಗಳಲ್ಲಿ, ಮೊದಲ ಚಿತ್ರ ತೆರೆಕಾಣಲು ಐದು ತಿಂಗಳಿರುವಾಗ. ಮದುವೆಯ ಊಟಕ್ಕೆ ಎಲೆ ಹಾಕಿದ ಮೇಲೆ ನೆಂಟರು ಹೆಚ್ಚಿದರೆ ಸಾರಿಗೆ ನೀರು ಸೇರುವುದು ಸಹಜ. ಆದರೆ ಇಲ್ಲಿ ನೆಂಟರನ್ನು ಕರೆದವರೂ ಮನೆಯವರೇ.

ಇನ್ನು ಆ ಗಾಡಿಯ ವಿಷಯ. ಹೊಸ ಚಿತ್ರಗಳನ್ನು ಮೂರು ಆಯಾಮಗಳ ಕ್ಯಾಮರಾದಲ್ಲಿ ತೆಗೆದುದರಿಂದ ಹತ್ತಿರ ದೂರದ ಆ ಹಳೆಯ ಕಣ್ಕಟ್ಟು ನಡೆಯದಾಯಿತು. ಗ್ಯಾಂಡಾಲ್ಫನ ಪಾತ್ರಧಾರಿ ಸರ್ ಇಯಾನ್ ಮೆಕೆಲನ್, ತಮ್ಮೊಡನೆ ಅಭಿನಯಿಸಬೇಕಾದ ಹದಿಮೂರು ಕುಬ್ಜರು ಇನ್ನೊಂದು ಕಡೆ ಇರುವಾಗ, ಹಸುರು ಬಟ್ಟೆಯ ಕೋಣೆಯೊಂದರಲ್ಲಿ ಒಂಟಿಯಾಗಿ ನಿಂತು, ಕೋಲುಗಳ ಮೇಲಿಟ್ಟ ಸಹನಟರ ಭಾವಚಿತ್ರಗಳ ಕಡೆ ನೋಡುತ್ತ ಮಾತಾಡಬೇಕಾಯಿತು. ಎಪ್ಪತ್ತು ದಾಟಿದ್ದ ಆ ಮಹಾನಟ ಒಂದು ದಿನ ತಡೆಯಲಾರದೆ ಅತ್ತುಬಿಟ್ಟರು. ನಟನಾದದ್ದು ಇದಕ್ಕಲ್ಲ ಎಂಬುದು ಅವರ ಸಂಕಟ. ತೆರೆಯ ಮೇಲೆ ಹದಿಮೂರು ಜನರ ನಡುವೆ ಗ್ಯಾಂಡಾಲ್ಫ್ ಕುಳಿತಿರುವಾಗಲೂ ಏಕೋ ತಣ್ಣಗೆ ಕಾಣುವುದರ ಗುಟ್ಟು ಇದೇ ಇರಬೇಕು.

ಇನ್ನೊಂದು ಸಂಗತಿಯನ್ನು ಚಿತ್ರವಿಮರ್ಶೆಯಲ್ಲಿ ಯಾರೂ ಬರೆಯುವುದಿಲ್ಲ. 2010ರಲ್ಲಿ ನಟರ ಸಂಘದೊಡನೆ ವಿವಾದ ಎದ್ದು, ಚಿತ್ರೀಕರಣ ಬೇರೆ ದೇಶಕ್ಕೆ ಹೋದೀತೆಂಬ ಗುಲ್ಲಾಯಿತು. ಸ್ಟುಡಿಯೋದ ದೊಡ್ಡ ಅಧಿಕಾರಿಗಳು ನ್ಯೂಜಿಲೆಂಡಿಗೆ ಹಾರಿಬಂದರು. ಅಲ್ಲಿನ ಸರ್ಕಾರ ತರಾತುರಿಯಿಂದ ಕಾನೂನನ್ನೇ ತಿದ್ದಿ, ಚಿತ್ರರಂಗದ ಕೆಲಸಗಾರರನ್ನು ನೌಕರರ ಬದಲು ಗುತ್ತಿಗೆಯವರೆಂದು ಎಣಿಸುವಂತೆ ಮಾಡಿತು. ತೆರಿಗೆಯಲ್ಲಿಯೂ ಹೆಚ್ಚಿನ ರಿಯಾಯಿತಿ ಕೊಟ್ಟಿತು. ಆ ಜನಕ್ಕೆ ಒಟ್ಟಾಗಿ ಚೌಕಾಸಿ ಮಾಡುವ ಹಕ್ಕು ಹಿಂದಿರುಗಿದ್ದು 2022ರ ಕಾನೂನಿನಿಂದ. ಒಂದು ಉಂಗುರ ಎಲ್ಲರನ್ನೂ ಬಗ್ಗಿಸುವ ಕಥೆಯನ್ನು ತೆಗೆಯಲು ಒಂದು ದೇಶದ ಕಾನೂನೇ ಬಗ್ಗಿತು.

ಹಣದ ಲೆಕ್ಕದಲ್ಲಿ ಮಾತ್ರ ಸೋಲೇನಿಲ್ಲ. 2003ರ ಚಿತ್ರದಂತೆಯೇ 2012ರ ಚಿತ್ರವೂ ನೂರು ಕೋಟಿ ಡಾಲರ್ ದಾಟಿತು. ಗಳಿಕೆಯ ಅಂಕಿ ಒಳ್ಳೆಯದನ್ನೂ ಕೆಟ್ಟದ್ದನ್ನೂ ಒಂದೇ ಅಕ್ಷರದಲ್ಲಿ ಬರೆಯುತ್ತದೆ. ಆದ್ದರಿಂದಲೇ ಮನೆಮನೆಯ ತೀರ್ಪು ಬೇಕಾಗುವುದು.

ಆ ಮನೆಯ ತೀರ್ಪು ಹೀಗಿತ್ತು. ನಾಲ್ಕನೆಯ ರಾತ್ರಿ ತಂದೆ ಎರಡು ಬಾರಿ ಗಡಿಯಾರ ನೋಡಿದರು. ಐದನೆಯ ರಾತ್ರಿ ಪುಸ್ತಕದಲ್ಲಿ ಎಲ್ಲಿಯೂ ಇಲ್ಲದ ಟಾರಿಯಲ್ ಎಂಬ ಯಕ್ಷಕನ್ಯೆಗೂ ಒಬ್ಬ ಕುಬ್ಜನಿಗೂ ಪ್ರಣಯ ಹುಟ್ಟಿದಾಗ ಅವರು ಪತ್ರಿಕೆ ಕೈಗೆತ್ತಿಕೊಂಡರು. ಪಾತ್ರ ಕಲ್ಪಿತವೆಂದು ಅವರಿಗೆ ತಿಳಿದಿರಲಿಲ್ಲ; ಆದರೂ ತೇಪೆ ಕಂಡಿತು. ಆರನೆಯ ರಾತ್ರಿ, ಐದು ಸೈನ್ಯಗಳ ಕಾಳಗ ನಡೆಯುತ್ತ ನಡೆಯುತ್ತ ಇರುವಾಗ, ಅಜ್ಜಿ ಕುರ್ಚಿಯಲ್ಲಿಯೇ ನಿದ್ದೆಹೋದರು. ಮಗಳಿಗೆ ಮಾತ್ರ ಇದರಲ್ಲಿ ಸ್ವಾರಸ್ಯ ಕಂಡಿತು. ಪುಸ್ತಕದಲ್ಲಿ ಬಿಲ್ಬೋ ತಲೆಗೆ ಕಲ್ಲೇಟು ಬಿದ್ದು ಆ ಕಾಳಗದ ಕೊನೆಯ ಭಾಗವನ್ನು ಎಚ್ಚರವಿಲ್ಲದೆ ಕಳೆಯುತ್ತಾನೆ. ಟೋಲ್ಕಿನ್ನರು ಕೆಲವೇ ಪುಟಗಳಲ್ಲಿ ಅದನ್ನು ಮುಗಿಸುತ್ತಾರೆ. "ಅಜ್ಜಿಯೊಬ್ಬಳೇ ಪುಸ್ತಕದ ಪ್ರಕಾರ ನೋಡಿದಳು" ಎಂದಳು.

ಆದರೆ ಈ ಮೂರು ಚಿತ್ರಗಳಲ್ಲಿಯೂ ಒಂದು ರತ್ನವಿದೆ. ಮೊದಲನೆಯದರಲ್ಲಿ, ನೆಲದಡಿಯ ಕತ್ತಲ ಸರೋವರದ ದಂಡೆಯಲ್ಲಿ ಬಿಲ್ಬೋ ಮತ್ತು ಗಾಲಮ್ ಪ್ರಾಣವನ್ನೇ ಪಣವಿಟ್ಟು ಒಗಟುಗಳನ್ನಾಡುವ ದೃಶ್ಯ. ಸೈನ್ಯವಿಲ್ಲ, ಗದ್ದಲವಿಲ್ಲ, ಮಾರ್ಟಿನ್ ಫ್ರೀಮನ್ ಮತ್ತು ಆಂಡಿ ಸರ್ಕಿಸ್ ಎಂಬ ಇಬ್ಬರು ನಟರು, ಎದುರುಬದುರು. ಆಟ ಮುಗಿದು ಉಂಗುರ ಧರಿಸಿ ಅದೃಶ್ಯನಾದ ಬಿಲ್ಬೋ ಗಾಲಮನ ಕತ್ತಿನ ಮೇಲೆ ಕತ್ತಿ ಹಿಡಿಯುತ್ತಾನೆ. ಆ ಪ್ರಾಣಿಯ ದೊಡ್ಡ ಕಣ್ಣುಗಳು ನೀರು ತುಂಬಿ, ಕಾಣದವನನ್ನು ಹುಡುಕುತ್ತವೆ. ಬಿಲ್ಬೋನ ಮುಖ ಸಡಿಲಗೊಳ್ಳುತ್ತದೆ, ಕತ್ತಿ ಕೆಳಗಿಳಿಯುತ್ತದೆ. ಒಂದು ಮಾತೂ ಇಲ್ಲ.

ಅಜ್ಜಿ ಅಂದು ಎಚ್ಚರವಾಗಿದ್ದರು. "ಇವನೇ ಅಲ್ಲವೇನೇ, ಆಮೇಲೆ ಬೆಟ್ಟದ ಮೇಲೆ ಬೆರಳು ಕಚ್ಚಿದವನು?" ಎಂದು ಮೊಮ್ಮಗಳನ್ನು ಕೇಳಿದರು.

"ಹೌದು ಅಜ್ಜಿ, ಅವನೇ."

"ಇಲ್ಲಿ ಇವನನ್ನು ಕೊಂದುಬಿಟ್ಟಿದ್ದರೆ ಅಲ್ಲಿ ಆ ಹುಡುಗನ ಗತಿ ಏನಾಗುತ್ತಿತ್ತೆ!"

ಮಗಳು ಅಪ್ಪನ ಮುಖ ನೋಡಿದಳು. ಗ್ರಂಥವನ್ನು ಎರಡು ಬಾರಿ ಓದಿದವಳು ಮೂರು ರಾತ್ರಿಗಳಿಂದ ಯಾವುದನ್ನು ವಿವರಿಸಲು ಹೆಣಗುತ್ತಿದ್ದಳೋ, ಅದನ್ನು ಇಂಗ್ಲಿಷ್ ಬಾರದ ಅಜ್ಜಿ ಒಂದು ನಿಟ್ಟುಸಿರಿನಲ್ಲಿ ಹೇಳಿ ಮುಗಿಸಿದ್ದರು.

ಗಾಲಮನ ಬೇಟೆಯನ್ನೇ ವಸ್ತುವಾಗಿಸಿಕೊಂಡು ಇನ್ನೊಂದು ಚಿತ್ರ ಬರುವುದೆಂದೂ, ಸರ್ಕಿಸ್ ಅವರೇ ಅದನ್ನು ನಿರ್ದೇಶಿಸುವರೆಂದೂ 2024ರಲ್ಲಿ ಪ್ರಕಟವಾಯಿತು. ಸುದ್ದಿ ಕೇಳಿದ ತಂದೆ, ಇದೂ ಮೂರು ಭಾಗವೇ ಎಂದು ವಿಚಾರಿಸಿದರು. ಅಜ್ಜಿ ಮಾತ್ರ, "ಆ ಬಡಪಾಯಿಯ ಕಥೆಯೇ? ಬಂದಾಗ ಹೇಳು" ಎಂದು ಮಾತ್ರೆಯ ಡಬ್ಬಿ ಹುಡುಕಿಕೊಂಡು ಒಳಗೆ ಹೋದರು.